ಹಳೇ ನೋವಿನ ಪಾಲು

ಮಿರಜದಲ್ಲಿ ಎಮ್ಮಾರೈ ತೆಗೆಸಲು ಆರೂವರೆ ಸಾವಿರ. ನಡಕ್ಕೆ ಕಟ್ಟುವ ಬೆಲ್ಟಿಗೆ ಎಂಟುನೂರ ಐವತ್ತು. ನಾಲ್ಕು ತಿಂಗಳಿಗೆ ಅದರ ಪಟ್ಟಿ ಕಿತ್ತು ಬಂದದ್ದರಿಂದ ಇನ್ನೊಂದಕ್ಕೆ ಮತ್ತೆ ಎಂಟುನೂರ ಐವತ್ತು. ಗುಳಿಗೆಗಳು ತಿಂಗಳಿಗೆ ಸಾವಿರದ ಇನ್ನೂರು. ಬಸ್ಸಿನಲ್ಲಿ ಅಷ್ಟು ದೂರ ಕೂರಲಾಗುವುದಿಲ್ಲವೆಂದು ಜೀಪು ಮಾಡಿಕೊಂಡು ಬೆಳಗಾವಿಯ ವೈದ್ಯಕೀಯ ಮಂಡಳಿಯ ಮುಂದೆ ಹೋದದ್ದಕ್ಕೆ ನಾಲ್ಕು ಸಾವಿರದ ಐನೂರು. ಅಂದು ಮೂವರು ಡಾಕ್ಟರರಲ್ಲಿ ಒಬ್ಬರು ರಜೆ ಹಾಕಿದ್ದರಿಂದ ಸಹಿ ಆಗಲಿಲ್ಲ. ಮುಂದಿನ ತಿಂಗಳು ಮತ್ತೆ ಹೋದದ್ದಕ್ಕೆ ಮತ್ತೆ ನಾಲ್ಕು ಸಾವಿರದ ಐನೂರು.

ಬಸ್ಸಿನ ಖರ್ಚು ಮಾತ್ರ ಮಲಕವ್ವನಿಗೆ ಅಷ್ಟಾಗಿ ಬೀಳಲಿಲ್ಲ. ಅನಂತಪುರದಿಂದ ಅಥಣಿಗೆ, ಅಥಣಿಯಿಂದ ಕಾಗವಾಡಕ್ಕೆ, ಆಧಾರ ಕಾರ್ಡು ತೋರಿಸಿದರೆ ಹೆಂಗಸರಿಗೆ ಪುಕ್ಕಟೆ. ಕಾಗವಾಡದಾಚೆ ಮಹಾರಾಷ್ಟ್ರದ ಬಸ್ಸು ಹತ್ತಿದರೆ ಅರ್ಧ ಟಿಕೆಟು. ಜೊತೆಗೆ ಬರುವ ಗಂಡ ಮುರಗೆಪ್ಪನಿಗೆ ಎರಡೂ ಕಡೆ ಪೂರ್ತಿ. "ಬ್ಯಾನಿ ನಿಂದು, ತಿಕೀಟ ನಂದು" ಎಂದು ಅವನು ಪ್ರತಿ ಸಲ ಕಂಡಕ್ಟರನಿಗೆ ಕೇಳುವ ಹಾಗೆ ಹೇಳುತ್ತಿದ್ದ. ಮೊದಲ ಎರಡು ಸಲ ಅವಳು ನಕ್ಕಿದ್ದಳು.

ಇಷ್ಟೆಲ್ಲದರ ನಡುವೆ ದುಡ್ಡು ಹತ್ತದೇ ಇದ್ದದ್ದು ಅವಳ ಬಾಯಿಂದ ಬಂದ ಒಂದು ಮಾತಿಗೆ. ಕೊನೆಗೆ ಎಲ್ಲಕ್ಕಿಂತ ತುಟ್ಟಿಯಾದದ್ದು ಅದೇ.

ಅನಂತಪುರದ ಹೊರಗೆ ಕಾಕಾಸಾಹೇಬರ ಮಣೂಕದ ಶೆಡ್ಡು ಇದೆ. ಸುತ್ತಲಿನ ತೋಟಗಳವರು ಒಣಗಿಸಿದ ದ್ರಾಕ್ಷಿ ಅಲ್ಲಿಗೆ ಬರುತ್ತದೆ. ಅದನ್ನು ತೊಳೆದು, ಕಡ್ಡಿ ಆರಿಸಿ, ದೊಡ್ಡದು ಸಣ್ಣದು ಬೇರೆ ಮಾಡಿ ಡಬ್ಬಿ ತುಂಬುವ ಕೆಲಸ. ಒಂಬತ್ತು ಹೆಂಗಸರು, ದಿನಕ್ಕೆ ಮುನ್ನೂರ ಐವತ್ತು ರೂಪಾಯಿ. ಮಲಕವ್ವ ಅಲ್ಲಿ ಹನ್ನೊಂದು ವರ್ಷ ದುಡಿದವಳು. ತೊಳೆಯುವ ಯಂತ್ರದಿಂದ ಹೊರಬಂದ ಹದಿನೈದು ಕಿಲೋದ ಕ್ರೇಟನ್ನು ತಲೆಯ ಮೇಲೆ ಹೊತ್ತು ಆರಿಸುವ ಕಟ್ಟೆಗೆ ತರುವುದು ಅವಳ ಮತ್ತು ಸಕೀನಾಬಿಯ ಪಾಲಿನ ಕೆಲಸ. ಇಬ್ಬರಲ್ಲಿ ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ ಆಗಬಾರದೆಂದು, ಒಂದೊಂದು ಕ್ರೇಟು ಇಳಿಸಿದಾಗಲೂ ಗೋಡೆಗೆ ಇದ್ದಲಿನಿಂದ ಒಂದು ಗೀಟು ಎಳೆಯುವುದು ರೂಢಿ. ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ. ಸಂಜೆಗೆ ಒಬ್ಬೊಬ್ಬಳ ಸಾಲಿನಲ್ಲಿ ತೊಂಬತ್ತು, ನೂರು ಗೀಟು ಇರುತ್ತಿದ್ದವು.

ನಡನೋವು ಅವಳಿಗೆ ಇತ್ತು. ಮಗಳು ಮನೀಷಾ ಹುಟ್ಟಿದ ಮೇಲೆ ಶುರುವಾದದ್ದು. ಆ ಮಗಳನ್ನು ಕಬ್ಬೂರಿಗೆ ಕೊಟ್ಟು, ಆ ಮಗಳಿಗೂ ಮಗುವಾದರೂ ನೋವು ಇನ್ನೂ ತಾಯಿಯಲ್ಲೇ ಇತ್ತು. ಬೆಳಿಗ್ಗೆ ಏಳುವಾಗ ಬಲಗೈ ಗೋಡೆಗೆ ಊರಿ ಏಳಬೇಕು. ಎರಡು ಬಿಂದಿಗೆ ನೀರು ತರುವುದರೊಳಗೆ ತಾನೇ ಸಡಿಲಾಗುತ್ತಿತ್ತು. ಆರು ವರ್ಷದ ಹಿಂದೆ ಒಮ್ಮೆ ಹೆಚ್ಚಾಗಿ ಮಿರಜಕ್ಕೆ ಹೋಗಿ ತೋರಿಸಿಕೊಂಡು ಹದಿನೈದು ದಿನದ ಗುಳಿಗೆ ತಂದಿದ್ದಳು. ಹತ್ತು ದಿನದ್ದು ನುಂಗಿ, ಉಳಿದದ್ದನ್ನು ಮುಂದೆ ಬೇಕಾದೀತೆಂದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಳು.

ಮಾರ್ಚಿನ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳು ತಲೆಯ ಮೇಲೆ ಕ್ರೇಟು ಹೊತ್ತು ಬರುತ್ತಿದ್ದಾಗ ಯಂತ್ರದ ಬಳಿ ಕಾಲು ಜಾರಿತು. ದ್ರಾಕ್ಷಿ ತೊಳೆದ ನೀರು ಸಕ್ಕರೆ ಪಾಕದಂತಿರುತ್ತದೆ. ಒಣಗಿದರೆ ಅಂಟುತ್ತದೆ, ಹಸಿ ಇದ್ದರೆ ಜಾರುತ್ತದೆ. ಕುಂಡಿ ಊರಿ ಬಿದ್ದಳು, ಮೇಲೆ ಕ್ರೇಟು ಬಿತ್ತು. ಸಕೀನಾಬಿ ಓಡಿ ಬಂದು ಎತ್ತಲು ಹೋದರೆ ಎಡಗಾಲು ತನ್ನದಲ್ಲವೆಂಬಂತೆ ಮಲಗಿತ್ತು.

ಕಾಕಾಸಾಹೇಬರು ಕೆಟ್ಟವರಲ್ಲ. ತಮ್ಮ ಕಾರಿನಲ್ಲೇ ಅವಳನ್ನು ಅಥಣಿಯ ಖಾಸಗಿ ದವಾಖಾನೆಗೆ ಕರೆದೊಯ್ದರು. ಗಡಿಬಿಡಿಯಲ್ಲಿ ಅವಳ ಚಪ್ಪಲಿ ಶೆಡ್ಡಿನ ಬಾಗಿಲಲ್ಲೇ ಉಳಿದಿತ್ತು. ಅದನ್ನು ಅವರೇ ಎತ್ತಿಕೊಂಡು ಬಂದರು. ಡಾಕ್ಟರು ಬಂದಾಗ ಮಲಕವ್ವ ಮಂಚದ ಮೇಲೆ, ಸಾವಕಾರರು ಮಗ್ಗುಲಲ್ಲಿ, ಅವರ ಕೈಯಲ್ಲಿ ಅವಳ ಸವೆದ ರಬ್ಬರ್ ಚಪ್ಪಲಿ. ಅದನ್ನು ನೋಡಿ ಅವಳಿಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

ಡಾಕ್ಟರು, ನಡನೋವು ಎಷ್ಟು ದಿನದಿಂದ ಇದೆ ಎಂದು ಕೇಳಿದರು.

"ಬಾಣಂತನದ್ದ ಐತ್ರಿ" ಅಂದಳು ಮಲಕವ್ವ.

ಶೆಡ್ಡಿನಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಕೆಲಸದಿಂದ ನಡ ಹಿಡಿಯಿತು ಅಂದರೆ, ಹಾಗಾದರೆ ನಾಲ್ಕು ದಿನ ಮನೆಯಲ್ಲಿರು ಅನ್ನುತ್ತಾರೆ; ನಾಲ್ಕು ದಿನದ ಪಗಾರ ಹೋಗುತ್ತದೆ, ಐದನೇ ದಿನ ಆ ಜಾಗದಲ್ಲಿ ಬೇರೊಬ್ಬಳು ನಿಂತಿರುತ್ತಾಳೆ. ಬಾಣಂತನದ್ದು ಅಂದರೆ ಯಾರೂ ಮುಂದೆ ಕೇಳುವುದಿಲ್ಲ. ಗಂಡಸು ಡಾಕ್ಟರನಾದರೂ ತಲೆ ಆಡಿಸಿ ಮುಂದೆ ಹೋಗುತ್ತಾನೆ. ಅಂದು ಅದರ ಮೇಲೆ ಇನ್ನೊಂದು ಕಾರಣವೂ ಇತ್ತು: ತನ್ನ ಚಪ್ಪಲಿ ಹಿಡಿದು ನಿಂತ ಮನುಷ್ಯನ ಎದುರಿಗೆ, ಇವರ ಶೆಡ್ಡಿನಲ್ಲಿ ಬಿದ್ದೆ ಎಂದು ಹೇಗೆ ಹೇಳುವುದು?

ಡಾಕ್ಟರು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಬಿದ್ದದ್ದನ್ನು ಕಾಕಾಸಾಹೇಬರು ಹೇಳಿದ ಮೇಲೆ ಅದರ ಕೆಳಗೆ ಇನ್ನೊಂದು ಸಾಲು ಬರೆದರು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಎರಡೂವರೆ ವರ್ಷ ತನ್ನನ್ನು ಆಡಿಸುತ್ತದೆಂದು ಆಗ ಮಲಕವ್ವನಿಗೆ ಗೊತ್ತಿರಲಿಲ್ಲ.

ಎರಡು ತಿಂಗಳಾದರೂ ಎಡಗಾಲಿನ ಜೋಮು ಬಿಡಲಿಲ್ಲ. ಮಿರಜದ ಡಾಕ್ಟರು ಎಮ್ಮಾರೈ ನೋಡಿ, ಬೆನ್ನಿನ ಮಣಿಗಳ ನಡುವಿನ ಗಾದಿ ಮೊದಲೇ ಸವೆದಿತ್ತು, ಈಗ ಒಡೆದು ನರಕ್ಕೆ ಒತ್ತಿದೆ, ಇನ್ನು ಭಾರ ಎತ್ತಬೇಡಿ ಎಂದರು. ಎಷ್ಟು ಭಾರ ಎಂದು ಕೇಳಿದ್ದಕ್ಕೆ, ತುಂಬಿದ ಬಿಂದಿಗೆಯನ್ನೂ ಬೇಡ ಎಂದರು.

ಕಾಕಾಸಾಹೇಬರು ಮೊದಲಿಗೆ ಧೈರ್ಯ ಹೇಳಿದ್ದರು. ಕೆಲಸಗಾರರ ಮೇಲೆ ಇನ್ಶುರನ್ಸ್ ಮಾಡಿಸಿದ್ದೇನೆ, ವರ್ಷ ವರ್ಷ ಕಂತು ಕಟ್ಟುತ್ತೇನೆ, ಕಂಪನಿ ಕೊಡುತ್ತದೆ ಎಂದಿದ್ದರು. ಕಂಪನಿಯಿಂದ ವಿಚಾರಣೆಗೆ ಒಬ್ಬ ಬಂದ. ಬಹಳ ನಯದವನು, ಅರ್ಧ ಮರಾಠಿ ಅರ್ಧ ಕನ್ನಡ. ಮಲಕವ್ವನನ್ನು ಮಾವಶಿ ಎಂದು ಕರೆದ, ಚಹಾ ಕುಡಿದ, ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ.

"ಮಾವಶಿ, ಜುನಾ, ಹಳೇ ಕಾಗದ ಏನರ ಅದಾವೇನ್ರಿ? ಎಲ್ಲಾ ಹಚ್ಚಿದ್ರ ಚಲೋ ಆಕ್ಕೈತಿ."

ಕಾಗದ ಹೆಚ್ಚಾದಷ್ಟೂ ರೊಕ್ಕ ಹೆಚ್ಚು ಬರುತ್ತದೆಂದು ಮುರಗೆಪ್ಪ ತಿಳಿದ. ಮನೀಷಾಳ ಹೆರಿಗೆಯ ಕಾರ್ಡು, ಆರು ವರ್ಷದ ಹಿಂದಿನ ಮಿರಜದ ಚೀಟಿ, ಎಲ್ಲವನ್ನೂ ಪ್ಲಾಸ್ಟಿಕ್ ಚೀಲ ಸಮೇತ ಅವನ ಕೈಗೆ ಕೊಟ್ಟ. ಆ ಮನುಷ್ಯ ಒಂದೊಂದನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಚೀಲವನ್ನು ಎರಡು ಕೈಯಿಂದ ಹಿಂದಿರುಗಿಸಿ ಹೋದ.

ಮೂರು ತಿಂಗಳಿಗೆ ಕಂಪನಿಯ ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ಹೈಸ್ಕೂಲು ಮಾಸ್ತರರಿಂದ ಓದಿಸಿದರೆ ತಾತ್ಪರ್ಯ ಇಷ್ಟು: ಈ ರೋಗ ಹೆರಿಗೆಯ ಕಾಲದಿಂದ ಇರುವಂಥದ್ದು, ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ಏನೂ ಕೊಡಲು ಬರುವುದಿಲ್ಲ.

ಕಾಕಾಸಾಹೇಬರು ಪತ್ರವನ್ನು ಎರಡು ಸಲ ನೋಡಿ ಮಡಚಿ ಕೊಟ್ಟರು. ಅವರಿಗೂ ಬೇಸರವಾಗಿತ್ತು, ಆದರೆ ಬೇಸರದಲ್ಲಿ ಪಾರಾದ ಸಮಾಧಾನವೂ ಸ್ವಲ್ಪ ಬೆರೆತಿತ್ತು. "ನಾ ಏನ ಮಾಡ್ಲಿ ಮಲಕವ್ವಾ, ಬಾಣಂತನದ್ದು ಅಂತ ನಿನ್ನ ಬಾಯಿಲೆ ನೀನ ಹೇಳೀದಿ" ಅಂದರು. ಅದು ಖರೆ. ಖರೆ ಇದ್ದುದರಿಂದಲೇ ಅವಳಿಗೆ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಮನೆಗೆ ಬಂದು ಮುರಗೆಪ್ಪನ ಮೇಲೆ ಇಳಿಸಿದಳು. ಅವನು, ಆ ಕಂಪನಿಯವನ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟವಳು ನೀನೇ ಅಲ್ಲವೇ ಎಂದ.

ಅಥಣಿಯಲ್ಲಿ ವಿಶಾಲ ಎಂಬ ವಕೀಲರಿದ್ದರು. ಮೂವತ್ತೈದರೊಳಗಿನವರು. ಮುಂಗಡ ಕೇಳಲಿಲ್ಲ, ಬಂದದ್ದರಲ್ಲಿ ನೂರಕ್ಕೆ ಹತ್ತು ಎಂದರು. ಕಾಯಿದೆಯನ್ನು ಅವಳಿಗೆ ತಿಳಿಯುವ ಹಾಗೆ ಹೇಳಿದರು. ಮೊದಲೇ ರೋಗ ಇದ್ದರೂ ಚಿಂತೆಯಿಲ್ಲ, ಕೆಲಸದ ಮೇಲಿದ್ದಾಗ ಆದ ಅಪಘಾತದಿಂದ ಅದು ಹೆಚ್ಚಾಗಿದ್ದರೆ ಪರಿಹಾರ ಕೊಡಬೇಕು. ಆದರೆ ಹೆಚ್ಚಾಗಿದೆ ಎಂದು ತೋರಿಸಬೇಕು. ಬೀಳುವ ಹಿಂದಿನ ದಿನದವರೆಗೆ ನೀವು ಪೂರ್ತಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೆ ಏನಾದರೂ ದಾಖಲೆ ಇದೆಯೇ?

"ಗ್ವಾಡೀ ಮ್ಯಾಲ ಐತ್ರಿ" ಅಂದಳು ಮಲಕವ್ವ.

ಇದ್ದಲಿನ ಗೀಟಿನ ಸಂಗತಿ ಕೇಳಿ ವಕೀಲರು ಕುರ್ಚಿಯಲ್ಲಿ ಮುಂದೆ ಸರಿದರು. ಮರುದಿನವೇ ಫೋಟೋ ತೆಗೆಯಲು ಮೋಟಾರ್ ಸೈಕಲ್ ಮೇಲೆ ಅನಂತಪುರಕ್ಕೆ ಬಂದರು. ಮಲಕವ್ವ ಬೆಲ್ಟು ಕಟ್ಟಿಕೊಂಡು ಶೆಡ್ಡಿಗೆ ಹೋದಳು. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಹಿಂದಿನ ವಾರವಷ್ಟೇ ಸುಣ್ಣ ಬಳಿಸಿದ್ದರು. ಕಾಕಾಸಾಹೇಬರು ಬೇಕೆಂದು ಮಾಡಿಸಿದ್ದಲ್ಲ. ಪ್ರತಿ ವರ್ಷ ಬಳಿಸುತ್ತಾರೆ. ಹನ್ನೊಂದು ವರ್ಷ ಆ ಸುಣ್ಣ ಬಳಿಯಲು ಬಕೆಟ್ಟು ಹಿಡಿದವಳು ಮಲಕವ್ವನೇ. ವಕೀಲರು ಮೊಬೈಲು ಕಿಸೆಯಲ್ಲಿಟ್ಟುಕೊಂಡು, ಚಹಾವನ್ನೂ ಕುಡಿಯದೆ ಹೋದರು.

ಅಥಣಿಯ ಕೋರ್ಟಿನಲ್ಲಿ ಅರ್ಜಿ ಹಾಕಿದ ಮೇಲೆ ತಾರೀಖುಗಳು ಶುರುವಾದವು. ಮೊದಲನೆಯದಕ್ಕೆ ಕಂಪನಿಗೆ ನೋಟೀಸು ಮುಟ್ಟಿರಲಿಲ್ಲ. ಎರಡನೆಯದಕ್ಕೆ ಮುಟ್ಟಿತ್ತು, ಕಂಪನಿಯ ವಕೀಲರು ಬರಲಿಲ್ಲ. ಮೂರನೆಯದಕ್ಕೆ ವಕೀಲರು ಬಂದರು, ಕಾಗದ ತರಲಿಲ್ಲ. ಒಮ್ಮೆ ನ್ಯಾಯಾಧೀಶರ ವರ್ಗಾವಣೆ, ಒಮ್ಮೆ ವಕೀಲರ ಬಹಿಷ್ಕಾರ, ಒಮ್ಮೆ ಚುನಾವಣೆಯ ಕೆಲಸ. ಕೋರ್ಟಿನ ಕಟ್ಟೆಯ ಮೇಲೆ ಕೂರಲು ಅವಳಿಗೆ ಆಗುತ್ತಿರಲಿಲ್ಲ. ನಿಂತರೆ ಕಾಲು ಜೋಮು ಹಿಡಿಯುತ್ತಿತ್ತು. ಬೇವಿನ ಗಿಡದ ಬೊಡ್ಡೆಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿತಳು. ಹೆಸರು ಕೂಗಿದಾಗ ಅಲ್ಲಿಂದ ಮೆಟ್ಟಿಲೇರಿ ಒಳಗೆ ಹೋಗುವುದರೊಳಗೆ ಮುಂದಿನ ತಾರೀಖು ಕೊಟ್ಟಾಗಿರುತ್ತಿತ್ತು. ಹತ್ತೊಂಬತ್ತು ತಾರೀಖಿನಲ್ಲಿ ಹನ್ನೊಂದು ಸಲ ಅವಳು ನ್ಯಾಯಾಧೀಶರ ಮುಖವನ್ನೇ ನೋಡಲಿಲ್ಲ.

ಬೆಳಗಾವಿಯ ಮಂಡಳಿಯ ಸರ್ಟಿಫಿಕೇಟು ಬಂದಾಗ ಅವಳಿಗೆ ಸ್ವಲ್ಪ ಜೀವ ಬಂದಂತಾಯಿತು. ದುಡಿಯುವ ಶಕ್ತಿ ನೂರಕ್ಕೆ ನಲವತ್ತು ಹೋಗಿದೆ ಎಂದು ಬರೆದಿತ್ತು. ವಿಶಾಲ ವಕೀಲರು ಮುಂದಿನ ಸಾಲಿಗೆ ಬೆರಳಿಟ್ಟು ಓದಿ ಹೇಳಿದರು. ನಲವತ್ತರಲ್ಲಿ ಇಪ್ಪತ್ತೈದು ಹಳೆಯ ಸವೆತದಿಂದ, ಹದಿನೈದು ಬಿದ್ದದ್ದರಿಂದ.

ಅಣ್ಣತಮ್ಮಂದಿರು ಹೊಲದ ವಾಟಣಿ ಮಾಡಿಕೊಳ್ಳುವುದನ್ನು ಮಲಕವ್ವ ಕಂಡಿದ್ದಳು. ಸರ್ವೆಯವನು ಬಂದು ಸರಪಳಿ ಎಳೆದು, ಕಲ್ಲು ನೆಟ್ಟು, ಇಲ್ಲಿಂದ ನಿನ್ನದು ಅಲ್ಲಿಂದ ಅವನದು ಅನ್ನುತ್ತಾನೆ. ಡಾಕ್ಟರರು ತನ್ನ ನಡದಲ್ಲಿ ಯಾವ ಕಲ್ಲು ನೆಟ್ಟರೋ, ಎಲ್ಲಿಂದ ಎಲ್ಲಿಗೆ ಅಳೆದರೋ ಅವಳಿಗೆ ತಿಳಿಯಲಿಲ್ಲ. ಮೇಜಿನ ಮೇಲೆ ಮಲಗಿಸಿ, ಕಾಲನ್ನು ಎರಡು ಸಲ ಎತ್ತಿ ಇಳಿಸಿ, ಐದು ನಿಮಿಷದಲ್ಲಿ ಕಳಿಸಿದ್ದರು.

"ಹಳೇದರಿಂದನ ಇಪ್ಪತ್ತೈದು ಹೋಗಿದ್ರ ನಾ ನೂರ ಕ್ರೇಟ ಹೆಂಗ ಹೊರತಿದ್ನೋ ಯಪ್ಪಾ" ಎಂದು ಕೇಳಿದಳು. ವಕೀಲರು, ಇದನ್ನೇ ಕೋರ್ಟಿನಲ್ಲಿ ಹೇಳಬೇಕು ಎಂದರು. ಆದರೆ ಅದಕ್ಕೆ ಇನ್ನೊಂದು ಮಾತು ಸೇರಿಸಿದರು.

"ಅಕ್ಕಾರ, ಹಳೇ ನೋವ ಇತ್ತೇನ ಅಂತ ಕೇಳ್ತಾರ. ಇತ್ತು ಖರೇ, ಆದ್ರ ಅದು ಪೂರಾ ಆರಾಮ ಆಗಿತ್ತು ಅನ್ರಿ. ಪೂರಾ ಆರಾಮ. ಇಷ್ಟ ಸಾಕು."

"ಆಗಿದ್ದಿಲ್ಲಲ್ರಿ."

"ಆಗಿತ್ತು ಅನ್ರಿ."

ಆ ವಾರವೆಲ್ಲ ಅವಳು ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ ಅದನ್ನೇ ಬಾಯಿಪಾಠ ಮಾಡಿದಳು. ಮುರಗೆಪ್ಪ ಎದುರಿಗೆ ಕೂತು ಕಂಪನಿ ವಕೀಲನಾಗಿ ಪ್ರಶ್ನೆ ಕೇಳುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಹೇಳಿದಳು.

ಸಕೀನಾಬಿ ಸಾಕ್ಷಿ ಹೇಳಲು ತಾನೇ ಒಪ್ಪಿದ್ದಳು. ಇನ್ನೂ ಅದೇ ಶೆಡ್ಡಿನಲ್ಲಿ ದುಡಿಯುವವಳು. ಸಾವಕಾರರು ಏನಾದರೂ ಅಂದರೆ ಎಂದು ಮಲಕವ್ವ ಹಿಂಜರಿದಾಗ, ರೊಕ್ಕ ಕೊಡುವುದು ಕಂಪನಿ, ಸಾವಕಾರರ ಕಿಸೆಯಿಂದ ಏನು ಹೋಗುತ್ತದೆ ಎಂದಳು. ಹಾಗಿದ್ದರೂ ಸಾಕ್ಷಿಯ ಹಿಂದಿನ ದಿನ ಕಾಕಾಸಾಹೇಬರಿಗೆ ಹೇಳಿಯೇ ಬಂದಿದ್ದಳು. ಅವರು ಬೇಡ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ; ಆ ದಿನದ ಪಗಾರ ಇಲ್ಲ ಎಂದಷ್ಟೇ ಅಂದರು.

ಹೊಸದಾಗಿ ಬಂದ ನ್ಯಾಯಾಧೀಶರು ಹೆಣ್ಣುಮಗಳು, ಮೈಸೂರು ಕಡೆಯವರು. ಎಲ್ಲರೂ ಸಾಹೇಬ್ರ ಎಂದೇ ಕರೆಯುತ್ತಿದ್ದರು. ಮಲಕವ್ವ ಕಟಕಟೆ ಹಿಡಿದು ನಿಂತಳು. ಬಿದ್ದದ್ದು, ಕ್ರೇಟು, ದವಾಖಾನೆ ಎಲ್ಲವನ್ನೂ ತನ್ನ ವಕೀಲರು ಕೇಳಿದಂತೆ ಹೇಳಿದಳು. ಆಮೇಲೆ ಕಂಪನಿ ವಕೀಲರು ಎದ್ದರು. ವಯಸ್ಸಾದವರು, ಗದರಿಸುವವರಲ್ಲ. ಮಿರಜದ ಹಳೆಯ ಚೀಟಿ ತೋರಿಸಿದರು. ದವಾಖಾನೆಯ ಕಾಗದದ ಮೇಲಿನ ಮೊದಲ ಸಾಲು ಓದಿದರು. ಈ ಮಾತು ನೀವೇ ಹೇಳಿದ್ದು ಹೌದೋ ಅಲ್ಲವೋ ಎಂದರು. ಹೌದು ಎಂದಳು. ಹಾಗಾದರೆ ನೋವು ಮೊದಲಿನಿಂದ ಇತ್ತು ಎಂದರು.

ಪೂರಾ ಆರಾಮ ಆಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಟಕಟೆ ಹಿಡಿದ ಬಲಗೈ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷ ಪ್ರತಿ ಬೆಳಿಗ್ಗೆ ಗೋಡೆಗೆ ಊರಿದ ಕೈ ಅದು. ಆ ನೋವನ್ನು ಹೊತ್ತೇ ಮಗಳನ್ನು ಸಾಕಿದ್ದಳು, ಲಗ್ನ ಮಾಡಿದ್ದಳು, ಮನೆಗೆ ತಗಡಿನ ಪತ್ರಾಸು ಹೊದಿಸಿದ್ದಳು. ಅದು ಇರಲೇ ಇಲ್ಲ ಅನ್ನಬೇಕಾದರೆ, ಅಷ್ಟೂ ವರ್ಷ ತಾನು ಸುಖವಾಗಿದ್ದೆ ಎಂದ ಹಾಗಾಗುತ್ತಿತ್ತು. ಅವಳಿಗೆ ಸಿಟ್ಟು ಬಂತು.

"ಇತ್ತ್ರಿ" ಅಂದಳು. "ಒಂದ ದಿನಾನೂ ಆರಾಮ ಆಗಿದ್ದಿಲ್ರಿ."

ವಿಶಾಲ ವಕೀಲರು ಪೆನ್ನು ಕೆಳಗಿಟ್ಟರು. ಕಂಪನಿ ವಕೀಲರು, ಇಷ್ಟು ಸಾಕು ಎಂದು ಕೂರಲು ಹೊರಟರು. ಮಲಕವ್ವನಿಗೆ ಇನ್ನೂ ಮುಗಿದಿರಲಿಲ್ಲ.

"ಹಳೇ ನೋವು ನನ್ನ ಜೋಡಿ ದುಡದೈತ್ರಿ ಸಾಹೇಬ್ರ. ಅದು ಒಂದ ದಿನಾನೂ ಸೂಟಿ ಮಾಡಿಲ್ಲ, ನನಗೂ ಮಾಡಗೊಟ್ಟಿಲ್ಲ. ಕ್ರೇಟ ಹೊತ್ತಾಗನೂ ಇತ್ತು, ಇಳಿಸಿದಾಗನೂ ಇತ್ತು. ಬಿದ್ದ ಮ್ಯಾಲ ಬಂದದ್ದ ಬ್ಯಾರೇರಿ. ಅದು ದುಡಿಯಾಕ ಬಿಡವಲ್ದು."

ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿ ಅವಳತ್ತ ನೋಡಿದರು. ಹಾಗಿದ್ದರೆ ಡಾಕ್ಟರರ ಮುಂದೆ, ಈಗಷ್ಟೇ ಬಿದ್ದೆ ಎಂದು ಯಾಕೆ ಹೇಳಲಿಲ್ಲ, ಬಾಣಂತನದ್ದು ಎಂದು ಯಾಕೆ ಹೇಳಿದಿರಿ ಎಂದು ಕೇಳಿದರು. ಅದನ್ನು ವಿವರಿಸುವುದು ಅವಳಿಗೆ ಆಗಲಿಲ್ಲ. ಚಪ್ಪಲಿಯ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು. ಕೋರ್ಟಿನಲ್ಲಿ ಹೇಳುವಂಥದ್ದಲ್ಲ ಅನ್ನಿಸಿತು. "ಹಂಗ ಅಂತಾರ್ರಿ ಎಲ್ಲಾರೂ" ಎಂದಷ್ಟೇ ಹೇಳಿ ಕೆಳಗಿಳಿದಳು.

ಅದನ್ನು ಎತ್ತಿಕೊಂಡವಳು ಸಕೀನಾಬಿ. ಬಿದ್ದದ್ದನ್ನು ಕಣ್ಣಾರೆ ಕಂಡೆ ಎಂದಳು, ಹಿಂದಿನ ದಿನ ಮಲಕವ್ವನ ಸಾಲಿನಲ್ಲಿ ತೊಂಬತ್ತಾರು ಗೀಟು, ತನ್ನ ಸಾಲಿನಲ್ಲಿ ತೊಂಬತ್ತೈದು ಇದ್ದವು ಎಂದಳು. ಒಂದು ಕಡಿಮೆ ಹೊತ್ತದ್ದಕ್ಕೆ ಮಲಕವ್ವ ತನ್ನನ್ನು ಕಾಡಿದ್ದರಿಂದ ನೆನಪಿದೆ ಎಂದಳು. ಕಂಪನಿ ವಕೀಲರು ನಕ್ಕು, ಹಾಗಾದರೆ ಬಾಣಂತನದ ನೋವಿನ ಸಂಗತಿ ನಿಮಗೂ ಗೊತ್ತಿತ್ತೇ ಎಂದರು.

"ನಮ್ಮ ಶೆಡ್ಡಿನ್ಯಾಗ ಒಂಬತ್ತ ಮಂದಿ ಹೆಂಗಸರ್ರಿ" ಅಂದಳು ಸಕೀನಾಬಿ. "ಒಂಬತ್ತ ಮಂದೀಗೂ ನಡಾ ನೋಯ್ತೈತ್ರಿ. ಕೇಳಿದ್ರ ಒಂಬತ್ತ ಮಂದೀನೂ ಬಾಣಂತನದ್ದ ಅಂತಾರ್ರಿ. ಅದರಾಗ ರಾಜಮತಿ ಹಡದ ಇಲ್ರಿ."

ಕೋರ್ಟಿನಲ್ಲಿ ಕೆಲವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಬೆರಳಚ್ಚುಗಾರನಿಗೆ ಆ ಮಾತನ್ನು ಇದ್ದ ಹಾಗೇ ಬರೆದುಕೊಳ್ಳಲು ಹೇಳಿದರು. ಕಂಪನಿ ವಕೀಲರು ಕೂತರು.

ಕಾಕಾಸಾಹೇಬರ ಸಾಕ್ಷಿ ಮುಂದಿನ ತಾರೀಖಿಗೆ ಆಯಿತು. ಇದ್ದದ್ದನ್ನೇ ಹೇಳಿದರು: ಬಿದ್ದದ್ದು ಖರೆ, ಪಗಾರ ಖರೆ, ಮೊದಲಿನಿಂದ ನಡನೋವು ಇದ್ದದ್ದೂ ಖರೆ. ಯಾರ ಕಡೆಗೂ ವಾಲದಂತೆ ಹೇಳಿ, ಹೊರಗೆ ಬಂದು ಬೇವಿನ ಗಿಡದ ಬಳಿ ನಿಂತು, "ಸುಳ್ಳ ಹೇಳಿಲ್ಲ ನೋಡವಾ" ಅಂದರು. ಮಲಕವ್ವ ಹೌದ್ರಿ ಅಂದಳು.

ತೀರ್ಪು ಬರಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ವಿಶಾಲ ವಕೀಲರು ತಮ್ಮ ಆಫೀಸಿನಲ್ಲಿ ಬೆಂಚಿನ ಮೇಲೆ ಮಲಗಲು ಅವಳಿಗೆ ಹೇಳಿ, ತಾವು ಕುರ್ಚಿಯಲ್ಲಿ ಕೂತು ಓದಿ ತಿಳಿಸಿದರು. ತನಗೆ ನಷ್ಟವಾಗುವ ಸತ್ಯವನ್ನು ಮುಚ್ಚಿಡದವಳು ಬಿದ್ದದ್ದರ ಬಗ್ಗೆ ಸುಳ್ಳು ಹೇಳುತ್ತಾಳೆಂದು ನಂಬಲು ಕಾರಣವಿಲ್ಲ ಎಂದು ನ್ಯಾಯಾಧೀಶರು ಬರೆದಿದ್ದರು. ಬಾಣಂತನದ್ದು ಎಂಬ ಮಾತು ಆ ಹೆಂಗಸರಲ್ಲಿ ರೂಢಿಯ ಮಾತು, ಅದನ್ನು ರೋಗದ ಇತಿಹಾಸವೆಂದು ಹಿಡಿಯಲಾಗದು ಎಂದೂ ಬರೆದಿದ್ದರು. ಕಂಪನಿ ಪರಿಹಾರ ಕೊಡಲೇಬೇಕು.

ಮಲಕವ್ವ ಎದ್ದು ಕೂರಲು ಹೋದಳು. ವಕೀಲರು ತಡೆದು ಮುಂದಿನ ಪುಟ ಓದಿದರು. ಎಷ್ಟು ಎಂಬುದಕ್ಕೆ ಮಂಡಳಿಯ ಸರ್ಟಿಫಿಕೇಟಿನ ವಿರುದ್ಧ ಬೇರೆ ಡಾಕ್ಟರರ ಸಾಕ್ಷಿ ಇಲ್ಲವಾದ್ದರಿಂದ ಅದನ್ನೇ ಒಪ್ಪಬೇಕಾಗುತ್ತದೆ. ಬಿದ್ದದ್ದರಿಂದ ಆದದ್ದು ಹದಿನೈದು.

ನನ್ನ ಮಾತನ್ನು ನಂಬಿದರು, ನನ್ನ ನಡವನ್ನು ನಂಬಲಿಲ್ಲ ಹಾಗಾದರೆ ಎಂದು ಕೇಳಿದಳು. ಮಿರಜದ ಡಾಕ್ಟರರನ್ನು ಸಾಕ್ಷಿಗೆ ಕರೆಸಬೇಕಾಗಿತ್ತು. ಗಡಿ ದಾಟಿ ಬರಲು ಅವರು ಕೇಳಿದ ದುಡ್ಡು ಹೆಚ್ಚಾಯಿತೆಂದು ವಕೀಲರೇ ಬಿಟ್ಟಿದ್ದರು. ತಪ್ಪು ತನ್ನದೂ ಇದೆ ಎಂದು ಅವರು ಒಪ್ಪಿಕೊಂಡರು. ಧಾರವಾಡದ ಹೈಕೋರ್ಟಿಗೆ ಮೇಲ್ಮನವಿ ಹಾಕಿದರೆ ಪೂರ್ತಿ ನಲವತ್ತು ಸಿಗುವ ಸಾಧ್ಯತೆ ಬಹಳ ಇದೆ, ಹಾಗೆ ಕೊಟ್ಟ ತೀರ್ಪುಗಳಿವೆ ಎಂದರು.

"ಎಷ್ಟ ದಿನಾ ಹಿಡೀತೈತ್ರಿ?"

"ಮೂರ ವರ್ಷ ಹಿಡದ್ರೂ ಹಿಡೀಬಹುದ್ರಿ ಅಕ್ಕಾರ. ಹೆಚ್ಚೂ ಆಗಬಹುದು."

ಮುರಗೆಪ್ಪ ಬಾಗಿಲಲ್ಲಿ ನಿಂತಿದ್ದ. ಧಾರವಾಡಕ್ಕೆ ಅವಳ ಟಿಕೆಟು ಪುಕ್ಕಟೆ ಎಂದು ಹೇಳಲು ಬಾಯಿ ತೆರೆದವನು, ಅವಳ ಮುಖ ನೋಡಿ ಕಾಗದದ ಚೀಲ ಎತ್ತಿಕೊಂಡ. ಮಲಕವ್ವ ಬೆಲ್ಟು ಬಿಗಿದುಕೊಂಡು, ಬೆಂಚು ಹಿಡಿದು ಎದ್ದು, ಬಂದಷ್ಟು ತೆಗೆದುಕೊಳ್ಳುತ್ತೇನೆ, ಬೇವಿನ ಗಿಡ ಸಾಕಾಯಿತು ಎಂದಳು.

ಬಂದದ್ದು ಒಂದು ಲಕ್ಷ ನಲವತ್ತೊಂದು ಸಾವಿರದ ಚಿಲ್ಲರೆ, ಬಡ್ಡಿ ಸೇರಿ ಒಂದು ಲಕ್ಷ ಎಂಬತ್ತಮೂರು ಸಾವಿರ. ವಕೀಲರಿಗೆ ಹದಿನೆಂಟು ಸಾವಿರ ಹೋಯಿತು. ಎರಡೂವರೆ ವರ್ಷದ ದವಾಖಾನೆ, ಗುಳಿಗೆ, ಜೀಪು, ಜೆರಾಕ್ಸು, ಮುರಗೆಪ್ಪನ ಟಿಕೆಟು ಎಲ್ಲ ಸೇರಿ ಅರವತ್ತೊಂದು ಸಾವಿರ. ಕೈಯಲ್ಲಿ ಉಳಿದದ್ದು ಒಂದು ಲಕ್ಷ ನಾಲ್ಕು ಸಾವಿರ. ಆ ದಿನಗಳಲ್ಲಿ ದುಡಿದಿದ್ದರೆ ಪಗಾರವೇ ಅದಕ್ಕಿಂತ ಹೆಚ್ಚಾಗುತ್ತಿತ್ತು.

ಶೆಡ್ಡಿನಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಬಂದಿದ್ದಾಳೆ. ಕಾಕಾಸಾಹೇಬರು ಯಂತ್ರದ ಬಳಿ ಒರಟು ಫರಸಿ ಕಲ್ಲು ಹಾಕಿಸಿದ್ದಾರೆ. ರಾಜಮತಿ, ತನ್ನ ಬಂಜೆತನವನ್ನು ಕೋರ್ಟಿನ ತನಕ ಒಯ್ದರೆಂದು ಸಕೀನಾಬಿಯ ಜೊತೆಯೂ ಮಲಕವ್ವನ ಜೊತೆಯೂ ಮಾತು ಬಿಟ್ಟಿದ್ದಾಳೆ. ಎದುರಿಗೆ ಸಿಕ್ಕರೆ ಸೆರಗು ಎಳೆದುಕೊಂಡು ಹೋಗುತ್ತಾಳೆ. ಹನ್ನೊಂದು ವರ್ಷ ಅವಳೂ ಮಲಕವ್ವನೂ ಒಂದೇ ಡಬ್ಬಿಯಲ್ಲಿ ಉಂಡಿದ್ದರು. ಅದಕ್ಕೆ ಪರಿಹಾರ ಕೇಳುವ ಕೋರ್ಟು ಅಥಣಿಯಲ್ಲೂ ಇಲ್ಲ, ಧಾರವಾಡದಲ್ಲೂ ಇಲ್ಲ.

ಮೊನ್ನೆ ಗುಳಿಗೆ ಬರೆಸಲು ಹೋದಾಗ ಹೊಸ ಡಾಕ್ಟರೊಬ್ಬರು, ಈ ನೋವು ಯಾವಾಗಿನದು ಎಂದು ಕೇಳಿದರು. ಮಲಕವ್ವ ತಾರೀಖು ಹೇಳಿದಳು, ಬೆಳಿಗ್ಗೆ ಹನ್ನೊಂದು ಗಂಟೆ ಎಂದಳು, ಶೆಡ್ಡಿನಲ್ಲಿ ಎಂದಳು. ಡಾಕ್ಟರು ಅದನ್ನೇ ಬರೆದುಕೊಂಡರು. ಈಗ ಅದರಿಂದ ಏನೂ ಬರುವುದಿಲ್ಲ.

ಹದಿನೈದು ಪಾಲಿನ ರೊಕ್ಕ ಬಂದಿದೆ. ಇಪ್ಪತ್ತೈದು ಪಾಲಿನದು ಬಂದಿಲ್ಲ. ನಡ ನಲವತ್ತೂ ಪಾಲು ನೋಯುತ್ತದೆ.